ಮನೇಲೇ ಕಾಂಬ್ಯಾಟ್ ರೋಬೋ ಕಟ್ಟೋದು ಹೇಗೆ: ಮೊದ್ಲು ಓಡ್ಬೇಕು, ಆಮೇಲೆ ಹೊಡೀಬೇಕು

ಕಾಂಬ್ಯಾಟ್ ರೋಬೋ ಅಂದ್ರೆ ಅರೀನಾ ಅನ್ನೋ ಕಾದಾಟದ ಕಣದಲ್ಲಿ ಇನ್ನೊಂದು ರೋಬೋ ಜೊತೆ ಹೊಡೆದಾಡೋ ರಿಮೋಟ್ ಯಂತ್ರ. ಮೊದಲ್ನೇ ರೋಬೋ ಕಟ್ಟೋಕೆ ಕೂತೋರು ಹೆಚ್ಚಾಗಿ ಶುರು ಮಾಡೋದೇ ಆಯುಧದಿಂದ. ಎಷ್ಟು ದೊಡ್ಡ ಬ್ಲೇಡು ಹಾಕ್ಲಿ, ಎಷ್ಟು ಸ್ಪೀಡಾಗಿ ತಿರುಗಿಸ್ಲಿ, ಎದುರಿಗಿರೋದು ಎಷ್ಟು ಎತ್ತರಕ್ಕೆ ಹಾರತ್ತೆ, ತಲೆ ತುಂಬಾ ಇದೇ ಇರತ್ತೆ. ನಾನೂ ಹಾಗೇ ಶುರು ಮಾಡಿದ್ದು. ಆಮೇಲೆ ಏಳೆಂಟು ರೋಬೋ ಕಟ್ಟಿ, ಅದ್ರಲ್ಲಿ ಅರ್ಧದಷ್ಟು ಪುಡಿ ಆಗಿದ್ದನ್ನ ಕಣ್ಣಾರೆ ನೋಡಿದ್ಮೇಲೆ ನಾನು ಎಲ್ರಿಗೂ ಹೇಳೋದು ಒಂದೇ ಮಾತು, ಮೂರು ನಿಮಿಷ ನಿಲ್ಲದೇ ಓಡೋ ರೋಬೋ ಮೊದ್ಲು ಕಟ್ಟಿ, ಆಯುಧದ ವಿಷಯ ಆಮೇಲೆ ನೋಡೋಣ. ಮ್ಯಾಚ್ ಇರೋದೇ ಎರಡು ಮೂರು ನಿಮಿಷ, ಅಷ್ಟರೊಳಗೆ ನಿಮ್ಮ ರೋಬೋ ಅಲ್ಲಾಡದೇ ನಿಂತ್ಬಿಟ್ರೆ ರೆಫರಿ ಹತ್ತರ ತನಕ ಎಣಿಸ್ತಾರೆ, ಅಲ್ಲಿಗೆ ಮುಗೀತು. ಬ್ಲೇಡು ಎಷ್ಟೇ ಚೆನ್ನಾಗಿರ್ಲಿ ಆವಾಗ ಉಪಯೋಗಕ್ಕೆ ಬರಲ್ಲ.

ಈ ಆಟ ಹುಟ್ಟಿದ್ದೂ ಹೆಚ್ಚುಕಮ್ಮಿ ಮನೇಲೇ ಅನ್ನಬಹುದು. ಮಾರ್ಕ್ ಥಾರ್ಪ್ ಅನ್ನೋರು 1992ರ ಸುಮಾರಿಗೆ ರಿಮೋಟ್ ಟ್ಯಾಂಕಿಗೆ ವ್ಯಾಕ್ಯೂಮ್ ಕ್ಲೀನರ್ ಕಟ್ಟಿ ಮನೆ ಗುಡಿಸೋ ಯಂತ್ರ ಮಾಡೋಕೆ ಹೊರಟಿದ್ರು, ಅದು ಸರಿ ಹೋಗ್ಲಿಲ್ಲ, ಆದ್ರೆ ಅದ್ರಿಂದ ಬಂದ ಯೋಚನೆಯಿಂದ್ಲೇ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ್ನೇ ರೋಬೋಟ್ ವಾರ್ಸ್ ಪಂದ್ಯ ನಡೀತು. ಬ್ಯಾಟಲ್‌ಬಾಟ್ಸ್ ಅನ್ನೋ ಟೀವಿ ಶೋದ ರೋಬೋಗಳು 250 ಪೌಂಡು, ಅಂದ್ರೆ 113 ಕೆಜಿ ಹತ್ರ ತೂಗ್ತಾವೆ. ಅದು ಮನೆ ವರ್ಕ್‌ಶಾಪಿನ ಕೆಲ್ಸ ಅಲ್ಲ, ಅದನ್ನ ಎತ್ತೋಕೇ ನಾಲ್ಕು ಜನ ಬೇಕು. ನಮಗೆ ಆಗೋದು ಚಿಕ್ಕ ತೂಕದ ಕ್ಲಾಸುಗಳು. ಅಮೆರಿಕದ ಲೆಕ್ಕದಲ್ಲಿ ಆಂಟ್‌ವೇಟ್ 1 ಪೌಂಡು, 454 ಗ್ರಾಂ. ಬೀಟಲ್‌ವೇಟ್ 3 ಪೌಂಡು, 1.36 ಕೆಜಿ. ಬ್ರಿಟನ್ನಲ್ಲಿ ಆಂಟ್ ಅಂದ್ರೆ 150 ಗ್ರಾಂ, ಬೀಟಲ್ ಅಂದ್ರೆ 1.5 ಕೆಜಿ, ಅದಕ್ಕೇ ನೀವು ಎಲ್ಲಿ ಆಡ್ತೀರೋ ಅಲ್ಲಿಯ ರೂಲ್ ಬುಕ್ಕನ್ನ ಮೊದ್ಲು ಪೂರ್ತಿ ಓದ್ಕೊಳ್ಳಿ, ಒಂದು ಸ್ಕ್ರೂ ಕೊಳ್ಳೋಕೂ ಮುಂಚೆ.

ಚಿಕ್ಕದಾದಷ್ಟೂ ಸುಲಭ ಅಂತ ಅನ್ಸತ್ತೆ, ಹಾಗೇನಿಲ್ಲ. ಆಂಟ್‌ನಲ್ಲಿ ಎಲ್ಲ ಸಣ್ಣದು, ಬೆಸುಗೆ ಹಾಕೋಕೆ ಜಾಗ ಇರಲ್ಲ, ಪ್ರತಿ ಗ್ರಾಂ ಲೆಕ್ಕ. ಬೀಟಲ್‌ನಲ್ಲಿ ಕೈ ಆಡತ್ತೆ, ಪಾರ್ಟುಗಳು ಗಟ್ಟಿ ಇರತ್ವೆ, ಆದ್ರೆ ಅಪಾಯನೂ ಅಷ್ಟೇ ಜಾಸ್ತಿ. ನನ್ನ ಸಲಹೆ ಏನಂದ್ರೆ ಬೀಟಲ್ ಕಟ್ಟಿ, ಆದ್ರೆ ಮೊದಲ್ನೇದಕ್ಕೆ ತಿರುಗೋ ಆಯುಧ ಬೇಡ, ಮುಂದೆ ಒಂದು ಇಳಿಜಾರು ತಗಡು, ಬೇಕಿದ್ರೆ ಸರ್ವೋ (ಹೇಳಿದ ಕೋನಕ್ಕೆ ತಿರುಗೋ ಚಿಕ್ಕ ಮೋಟರು) ಹಾಕಿ ಎತ್ತೋ ಒಂದು ತೋಳು. ಮುಂದೆ ಹೇಳೋ ಲೆಕ್ಕ ಎಲ್ಲ ಬೀಟಲ್‌ದು.

ಮೊದ್ಲು ತೂಕದ ಪಟ್ಟಿ ಮಾಡಿ. ಸ್ಪ್ರೆಡ್‌ಶೀಟೋ ನೋಟ್‌ಬುಕ್ಕೋ ಯಾವ್ದಾದ್ರೂ ಸರಿ. ನಾನು ಹಾಕೋ ಲೆಕ್ಕ ಸುಮಾರಾಗಿ ಹೀಗಿರತ್ತೆ: 1360 ಗ್ರಾಂನಲ್ಲಿ ಡ್ರೈವ್ ಮೋಟರು ಚಕ್ರ ಸೇರಿ 300, ಬಾಡಿ ಮತ್ತೆ ಕವಚ 450, ಆಯುಧ ಅದರ ಮೋಟರ್ ಸಮೇತ 400, ಬ್ಯಾಟರಿ ಎಲೆಕ್ಟ್ರಾನಿಕ್ಸ್ 170, ಕೊನೆಗೆ 40 ಗ್ರಾಂ ಖಾಲಿ ಬಿಟ್ಟಿರ್ತೀನಿ. ಆ 40 ಗ್ರಾಂ ಯಾವತ್ತೂ ಉಳಿಯಲ್ಲ. ವೈರು, ಕನೆಕ್ಟರು, ಸ್ಕ್ರೂ ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, 3 ಎಂಎಂ ಸ್ಟೀಲ್ ಬೋಲ್ಟು ಒಂದೊಂದು ಸುಮಾರು 1 ಗ್ರಾಂ, ಅಂಥವು ನಲವತ್ತು ಬೇಕಾಗತ್ತೆ, ಅಲ್ಲಿಗೇ ಮುಗೀತು. 0.1 ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ಒಂದು ಇಟ್ಕೊಳ್ಳಿ, ಪಾರ್ಟು ಕೈಗೆ ಬಂದ ತಕ್ಷಣ ತೂಗಿ ಬರ್ಕೊಳ್ಳಿ, ಪ್ಯಾಕೆಟ್ ಮೇಲೆ ಬರೆದ ತೂಕ ನಂಬ್ಬೇಡಿ. ಆಮೇಲೆ ರಟ್ಟಿನಲ್ಲಿ ನಿಜವಾದ ಅಳತೆಗೆ ಒಂದು ಡಬ್ಬಿ ಕತ್ತರಿಸಿ ಒಳಗೆ ಮೋಟರು ಬ್ಯಾಟರಿ ಎಲ್ಲ ಇಟ್ಟು ನೋಡಿ. ಕಂಪ್ಯೂಟರಲ್ಲಿ ಡಿಸೈನ್ ಮಾಡೋರೂ ಇದನ್ನ ಮಾಡ್ಲೇಬೇಕು, ಯಾಕಂದ್ರೆ ಸ್ಕ್ರೀನ್ ಮೇಲೆ ವೈರುಗಳಿಗೆ ದಪ್ಪ ಇರಲ್ಲ, ಕೈಗೆ ಬಂದಾಗ ಇರತ್ತೆ.

ಈಗ ಡ್ರೈವ್. 22 ಎಂಎಂ ಪ್ಲಾನೆಟರಿ ಗೇರ್ ಮೋಟರ್ ಎರಡು ಸಾಕು, ಗೇರ್ ಆದ್ಮೇಲೆ ನಿಮಿಷಕ್ಕೆ 1000 ಸುತ್ತಿನ ಆಸುಪಾಸು. 50 ಎಂಎಂ ಚಕ್ರ ಹಾಕಿದ್ರೆ ಸೆಕೆಂಡಿಗೆ 2.6 ಮೀಟರ್ ಬರತ್ತೆ, ಚಿಕ್ಕ ಅರೀನಾದಲ್ಲಿ ಇದಕ್ಕಿಂತ ಜಾಸ್ತಿ ಸ್ಪೀಡು ಹೊಸಬರಿಗೆ ಹಿಡಿತಕ್ಕೆ ಸಿಗಲ್ಲ, ಗೋಡೆಗೆ ನೀವೇ ಗುದ್ದಿಸ್ಕೋತೀರ. ಚಕ್ರದ ವ್ಯಾಸ ಬಾಡಿ ಎತ್ತರಕ್ಕಿಂತ ದೊಡ್ಡದಿರ್ಲಿ, ಆವಾಗ ರೋಬೋ ತಲೆಕೆಳಗಾದ್ರೂ ಓಡತ್ತೆ. ಇದೊಂದು ವಿಷಯದಲ್ಲಿ ರಾಜಿ ಬೇಡ, ಒಂದು ಏಟು ಬಿದ್ದು ಮಗುಚಿ ಆಮೆ ಥರ ಮಲಗಿ ಸೋಲೋದು ತುಂಬಾ ಸಂಕಟ. ಫೋಮ್ ಚಕ್ರ ಒಳ್ಳೇದು, ಹಗುರ, ಏಟು ತಡ್ಕೊಳತ್ತೆ, ಕಾಲು ಭಾಗ ಹರಿದು ಹೋದ್ರೂ ಕುಂಟ್ಕೊಂಡು ಓಡ್ತಾನೇ ಇರತ್ತೆ.

ಮೋಟರನ್ನ ಮುಂದಿನ ಮುಖದ ಎರಡು ಸ್ಕ್ರೂಗಳಿಂದ ಮಾತ್ರ ಹಿಡಿಸ್ಬೇಡಿ. ಅಂಗಡಿ ಡಬ್ಬೀಲಿ ಬರೋ ಸ್ಕ್ರೂ ಅಷ್ಟೇ ಅಂತ ಎಲ್ಲರೂ ಅಷ್ಟಕ್ಕೇ ಬಿಡ್ತಾರೆ, ಚಕ್ರದ ಮೇಲೆ ಪಕ್ಕದಿಂದ ಏಟು ಬಿದ್ರೆ ಗೇರ್‌ಬಾಕ್ಸ್ ಮೋಟರಿಂದ ಕಿತ್ತು ಬರತ್ತೆ. ಮೋಟರ್ ಹಿಂದಿನ ಕ್ಯಾನಿಗೂ ಒಂದು ಕ್ಲ್ಯಾಂಪು ಕೊಡಿ, ಪ್ಲಾಸ್ಟಿಕ್ ಬ್ಲಾಕಲ್ಲಿ ರಂಧ್ರ ಕೊರೆದು ಅರ್ಧಕ್ಕೆ ಸೀಳಿದ್ರೂ ಆಯ್ತು. ಚಕ್ರದ ಹಬ್ಬನ್ನ ಶಾಫ್ಟಿಗೆ ಬಿಗಿಯೋ ತಲೆ ಇಲ್ಲದ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರ್ಬೇಕು, ಶಾಫ್ಟು ಪೂರ್ತಿ ಗುಂಡಗಿದ್ರೆ ಅರ ತಗೊಂಡು ಚಪ್ಪಟೆ ಮಾಡ್ಕೊಳ್ಳಿ. ಅರ ಹಾಕೋವಾಗ ಲೋಹದ ಪುಡಿ ಗೇರ್‌ಬಾಕ್ಸ್ ಒಳಗೆ ಹೋಗ್ದೇ ಇರ್ಲಿ ಅಂತ ಬುಡಕ್ಕೆ ಟೇಪ್ ಸುತ್ತಿ. ಬ್ರಷ್ ಇರೋ ಮೋಟರಾದ್ರೆ ಎರಡೂ ಟರ್ಮಿನಲ್ ನಡುವೆ 104 ಅಂತ ಬರೆದಿರೋ ಚಿಕ್ಕ ಸೆರಾಮಿಕ್ ಕೆಪಾಸಿಟರ್ ಒಂದು ಬೆಸುಗೆ ಹಾಕಿ, ಬ್ರಷ್ಷಿನ ಕಿಡಿಯಿಂದ ಬರೋ ಗದ್ದಲ ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರಿಗೆ ತಲುಪೋದು ಕಮ್ಮಿ ಆಗತ್ತೆ.

ಬಾಡಿಗೆ ಏನು ಹಾಕೋದು? ಗಟ್ಟಿ ಅಂದ ತಕ್ಷಣ ಎಲ್ರೂ ಲೋಹದ ಕಡೆ ಓಡ್ತಾರೆ. ಬೀಟಲ್‌ಗೆ ನಾನು ಮೊದ್ಲು ಹೇಳೋದು ಯುಎಚ್ಎಂಡಬ್ಲ್ಯೂ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್, ತರಕಾರಿ ಹೆಚ್ಚೋ ಬಿಳಿ ದಪ್ಪ ಕಟಿಂಗ್ ಬೋರ್ಡ್ ಇರತ್ತಲ್ಲ, ಎಷ್ಟೋ ಸಲ ಅದೇ ಎಚ್‌ಡಿಪಿಇ. ಇದು ನೀರಿಗಿಂತ ಹಗುರ, ಬ್ಲೇಡು ತಾಗಿದ್ರೆ ಒಂದು ಚೂರು ಕಿತ್ಕೊಂಡು ಹೋಗತ್ತೆ ಹೊರತು ಒಡೆಯಲ್ಲ. ಮರದ ಗರಗಸದಲ್ಲೇ ಕೊಯ್ಯಬಹುದು. ಒಂದೇ ತೊಂದ್ರೆ, ಇದ್ರಲ್ಲಿ ಸ್ಕ್ರೂವಿನ ಮರೆ (ಥ್ರೆಡ್) ನಿಲ್ಲಲ್ಲ, ಎರಡು ಸಲ ಬಿಚ್ಚಿ ಹಾಕಿದ್ರೆ ಸವೆದು ಹೋಗತ್ತೆ, ಅದಕ್ಕೆ ಈಚೆಯಿಂದ ಆಚೆ ತನಕ ರಂಧ್ರ ಕೊರೆದು ಬೋಲ್ಟು ವಾಷರು ನಟ್ಟು ಹಾಕಿ. ತ್ರೀಡಿ ಪ್ರಿಂಟರ್ ಇದ್ರೆ ಟಿಪಿಯು ಅನ್ನೋ ಪ್ಲಾಸ್ಟಿಕ್ ಬಳಸಿ, ರಬ್ಬರ್ ಥರ ಬಾಗಿ ಮತ್ತೆ ನೆಟ್ಟಗಾಗತ್ತೆ. ಪ್ರಿಂಟರಲ್ಲಿ ಸಾಮಾನ್ಯವಾಗಿ ಹಾಕೋ ಪಿಎಲ್ಎ ಪ್ಲಾಸ್ಟಿಕ್ ಮತ್ತೆ ಅಕ್ರಿಲಿಕ್ ಎರಡೂ ಬೇಡವೇ ಬೇಡ, ಗಾಜಿನ ಹಾಗೆ ಚೂರಾಗತ್ವೆ. ಮುಂದಿನ ಇಳಿಜಾರು ತಗಡಿಗೆ ಮಾತ್ರ ಲೋಹ ಇರ್ಲಿ, ಟೈಟಾನಿಯಂ ಅಥವಾ ಎಆರ್ 500 ಥರ ಹದ ಮಾಡಿದ ಸ್ಟೀಲು, ಅದನ್ನ ಗಟ್ಟಿಯಾಗಿ ಬಿಗಿಯೋ ಬದಲು ಕೀಲು ಹಾಕಿ ಸಡಿಲ ಬಿಡಿ, ತನ್ನ ತೂಕಕ್ಕೇ ನೆಲಕ್ಕೆ ಅಂಟ್ಕೊಂಡು ಜಾರ್ತಾ ಹೋಗತ್ತೆ. ಎದುರಾಳಿ ಅಡಿಗೆ ಒಂದು ಕಾಗದದಷ್ಟು ಸಂದಿ ಸಿಕ್ಕಿದ್ರೂ ನಿಮ್ಮ ತಗಡು ಒಳಗೆ ನುಗ್ಬೇಕು, ಮೊದಲ ಐದು ಸೆಕೆಂಡಲ್ಲಿ ಯಾರ ತಗಡು ಕೆಳಗೆ ಅನ್ನೋದ್ರಲ್ಲೇ ಎಷ್ಟೋ ಮ್ಯಾಚ್ ತೀರ್ಮಾನ ಆಗ್ಬಿಡತ್ತೆ.

ಇಲ್ಲೇ ಇನ್ನೊಂದು ಮಾತು. ಮೇಲಿನ ಮುಚ್ಚಳಕ್ಕೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಕಿದ್ರೆ ಅದರ ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲ ಆಗದ ಹಾಗೆ ಹಚ್ಚೋ ಅಂಟು) ಹಚ್ಬೇಡಿ. ಆ ದ್ರವ ಪಾಲಿಕಾರ್ಬೊನೇಟಿಗೆ ತಾಗಿದ್ರೆ ಬೋಲ್ಟಿನ ಸುತ್ತ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕು ಬಿಟ್ಕೊಳತ್ತೆ. ನಾನೊಂದ್ಸಲ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಿದ್ರೆ ಆರೂ ರಂಧ್ರದ ಸುತ್ತ ಬಿರುಕು, ಮುಟ್ಟಿದ್ರೆ ಮೂಲೆ ಕೈಗೇ ಬಂತು. ಲೋಹಕ್ಕೆ ಲೋಹ ಸೇರೋ ಕಡೆ ಮಾತ್ರ ಅದನ್ನ ಬಳಸಿ, ಅಲ್ಲಿ ತಪ್ಪದೇ ಬಳಸಿ.

ಎಲೆಕ್ಟ್ರಿಕಲ್ ಕೆಲ್ಸಕ್ಕೆ ಜಾಸ್ತಿ ಟೈಮ್ ಕೊಡಿ, ಸೋಲೋ ರೋಬೋಗಳಲ್ಲಿ ಬಹಳಷ್ಟು ಸೋಲೋದು ಎದುರಾಳಿ ಏಟಿಗಲ್ಲ, ಏಟಿಗೆ ಅಲುಗಿದ ವೈರಿಂದ. ಬ್ಯಾಟರಿಯಿಂದ ಸ್ವಿಚ್ಚು, ಸ್ವಿಚ್ಚಿಂದ ಕವಲೊಡೆದು ಒಂದೊಂದು ಮೋಟರಿಗೂ ಒಂದೊಂದು ಇಎಸ್‌ಸಿ (ಮೋಟರಿನ ಸ್ಪೀಡು ಹಿಡಿತದಲ್ಲಿಡೋ ಬೋರ್ಡು), ಇಎಸ್‌ಸಿಗಳ ಸಿಗ್ನಲ್ ವೈರು ರಿಸೀವರಿಗೆ. ರಿಸೀವರಿಗೆ 5 ವೋಲ್ಟ್ ಕೊಡೋ ಬಿಇಸಿ ಒಂದೇ ಸಾಕು, ಎರಡು ಇಎಸ್‌ಸಿಲೂ ಇದ್ರೆ ಒಂದರ ಕೆಂಪು ವೈರನ್ನ ಪ್ಲಗ್ಗಿಂದ ಬಿಡಿಸಿ ಟೇಪ್ ಸುತ್ತಿ. ಸಿಲಿಕಾನ್ ಕವಚದ ಮೆತ್ತನೆ ವೈರೇ ತಗೊಳ್ಳಿ, ಬಾಗತ್ತೆ, ಕಾವಿಗೆ ಕರಗಲ್ಲ.

ಬ್ಯಾಟರಿ ಲೈಪೋ, ಅಂದ್ರೆ ಲಿಥಿಯಂ ಪಾಲಿಮರ್, 3 ಸೆಲ್ಲಿಂದು, 11.1 ವೋಲ್ಟ್. ಎಷ್ಟು ದೊಡ್ಡದು ಬೇಕು ಅನ್ನೋದಕ್ಕೆ ಸುಲಭ ಲೆಕ್ಕ ಇದೆ, ಮೂರು ನಿಮಿಷ ಅಂದ್ರೆ ಗಂಟೆಯ ಇಪ್ಪತ್ತನೇ ಒಂದು ಭಾಗ, 850 ಎಂಎಎಚ್ ಬ್ಯಾಟರೀಲಿ ಶೇಕಡಾ 80 ಮಾತ್ರ ಖರ್ಚು ಮಾಡ್ತೀರಿ ಅಂದ್ಕೊಂಡ್ರೆ 680, ಅದನ್ನ ಇಪ್ಪತ್ತರಿಂದ ಗುಣಿಸಿ, ಸರಾಸರಿ 13.6 ಆಂಪ್ಸ್ ಮೂರು ನಿಮಿಷ ಪೂರ್ತಿ ಎಳೀಬಹುದು. ಆಯುಧ ಇಲ್ಲದ ಬೀಟಲ್‌ಗೆ ಇದು ಧಾರಾಳ.

ಬೆಸುಗೆ ಹಾಕೋವಾಗ ಕನೆಕ್ಟರನ್ನ ಒಂಟಿಯಾಗಿ ಹಿಡ್ಕೊಂಡು ಬಿಸಿ ಮಾಡ್ಬೇಡಿ. ಎಕ್ಸ್‌ಟಿ 30 ಆಗ್ಲಿ ಎಕ್ಸ್‌ಟಿ 60 ಆಗ್ಲಿ ಒಳಗಿನ ಪಿನ್ನನ್ನ ಹಿಡ್ಕೊಂಡಿರೋದು ಪ್ಲಾಸ್ಟಿಕ್ಕು, ಕಾವು ಜಾಸ್ತಿ ಆದ್ರೆ ಅದು ಮೆತ್ತಗಾಗಿ ಪಿನ್ನು ಓರೆ ಆಗತ್ತೆ, ಮೇಲ್ನೋಟಕ್ಕೆ ಗೊತ್ತಾಗಲ್ಲ. ಅದಕ್ಕೆ ಅದರ ಜೋಡಿ ಕನೆಕ್ಟರ್ ಒಂದನ್ನ ಸಿಕ್ಕಿಸಿ, ಅದನ್ನ ವೈಸಿಗೆ ಕಚ್ಚಿಸಿ, ಆಮೇಲೆ ಬೆಸುಗೆ ಹಾಕಿ. ಬಿಸಿಗೆ ಕುಗ್ಗಿ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ ಮೊದ್ಲೇ ವೈರಿಗೆ ಏರ್ಸಿ ದೂರಕ್ಕೆ ಸರ್ಸಿರಿ. ವೈರಿನ ತುದಿಗೂ ಪಿನ್ನಿನ ಬಟ್ಟಲಿಗೂ ಬೇರೆ ಬೇರೆಯಾಗಿ ಸೀಸ ಕುಡಿಸಿ, ಆಮೇಲೆ ಎರಡನ್ನೂ ಸೇರ್ಸಿ ಮೂರ್ನಾಲ್ಕು ಸೆಕೆಂಡು ಬಿಸಿ ಮಾಡಿದ್ರೆ ಸೀಸ ಹೊಳೆಯೋ ನೀರಿನ ಹನಿ ಥರ ಒಳಗೆ ಇಳಿಯೋದು ಕಾಣತ್ತೆ, ಆವಾಗ ಕಾವು ತೆಗೆದು ತಣ್ಣಗಾಗೋ ತನಕ ಅಲ್ಲಾಡಿಸ್ಬೇಡಿ. ತಣಿದ್ಮೇಲೆ ಜೋರಾಗಿ ಎಳೆದು ನೋಡಿ, ನಾಚ್ಕೋಬೇಡಿ, ಅರೀನಾದಲ್ಲಿ ಅದಕ್ಕಿಂತ ಜೋರಾಗಿ ಎಳೆತ ಬೀಳತ್ತೆ. ಪ್ರತಿ ವೈರಿಗೂ ಒಂದು ಬೆರಳಷ್ಟು ಸಡಿಲ ಬಿಟ್ಟು ಜಿಪ್ ಟೈಯಿಂದ ಬಾಡಿಗೆ ಕಟ್ಟಿ. ನನ್ನ ಎರಡನೇ ರೋಬೋ ಮೊದಲ ಮ್ಯಾಚಲ್ಲಿ ಗೆಲ್ತಾ ಇತ್ತು, ಎದುರಾಳೀನ ಮೂಲೆಗೆ ಒತ್ತಿ ಹಿಡಿದಿದ್ದೆ, ಆವಾಗ ರಿಸೀವರಿಂದ ಒಂದು ಪ್ಲಗ್ಗು ಕಳಚ್ಕೊಂಡು ಎಡ ಚಕ್ರ ನಿಂತೋಯ್ತು, ಮಿಕ್ಕ ಹೊತ್ತೆಲ್ಲ ಒಂದೇ ಕಡೆ ಗಿರಗಿರ ಸುತ್ತಿದ್ದೇ. ಆವತ್ತಿಂದ ರಿಸೀವರಿನ ಪ್ಲಗ್ಗುಗಳ ಮೇಲೆ ಬಿಸಿ ಗೋಂದು ಒಂದು ಹನಿ ಹಾಕ್ದೇ ಮುಚ್ಚಳ ಮುಚ್ಚಲ್ಲ.

ಲೈಪೋ ವಿಷಯದಲ್ಲಿ ಮಾತ್ರ ನಾನು ಹೇಳಿದ್ದನ್ನ ಹೇಳ್ದಾಗೇ ಮಾಡಿ. ಒಂದು ಸೆಲ್ಲು ಪೂರ್ತಿ ತುಂಬಿದ್ರೆ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗೆ ಇಳಿಸಿದ್ರೆ ಹಾಳು, ಎತ್ತಿಡೋವಾಗ 3.8. ಎಲ್ಲ ಸೆಲ್ಲನ್ನೂ ಸಮವಾಗಿ ತುಂಬೋ ಬ್ಯಾಲೆನ್ಸ್ ಚಾರ್ಜರಲ್ಲೇ ಚಾರ್ಜ್ ಮಾಡಿ, 850 ಎಂಎಎಚ್‌ಗೆ 0.85 ಆಂಪ್ಸ್, ಅವಸರ ಬೇಡ. ಚಾರ್ಜಿಗಿಟ್ಟು ಮಲಗೋದು, ಹೊರಗೆ ಹೋಗೋದು ಯಾವತ್ತೂ ಬೇಡ. ಊದ್ಕೊಂಡ, ಚುಚ್ಚಿದ, ಮಡಚಿದ ಬ್ಯಾಟರೀನ ಮತ್ತೆ ಬಳಸ್ಬೇಡಿ. ಹತ್ಕೊಂಡ್ರೆ ಬರೋ ಹೊಗೆ ವಿಷ, ಉಸಿರು ಎಳ್ಕೋಬೇಡಿ, ಒಣ ಮರಳು ತುಂಬಿದ ಬಕೆಟ್ಟು ಬೆಂಚಿನ ಪಕ್ಕದಲ್ಲೇ ಇರ್ಲಿ. ರೋಬೋ ಒಳಗೆ ಬ್ಯಾಟರಿ ಸುತ್ತ ಮೆತ್ತನೆ ಫೋಮ್ ಇಡಿ, ಬೋಲ್ಟಿನ ತುದಿ ಯಾವ್ದೂ ಅದರ ಕಡೆ ಮುಖ ಮಾಡಿರ್ಬಾರ್ದು, ಮುಚ್ಚಳದ ಬೋಲ್ಟು 2 ಎಂಎಂ ಉದ್ದ ಜಾಸ್ತಿ ಆದ್ರೂ ಏಟು ಬಿದ್ದಾಗ ಅದೇ ಮೊಳೆ ಆಗತ್ತೆ.

ಮೊದಲ್ನೇ ಸಲ ಪವರ್ ಕೊಡೋವಾಗ ಚಕ್ರ ನೆಲಕ್ಕೆ ತಾಗದ ಹಾಗೆ ಮರದ ತುಂಡಿನ ಮೇಲೆ ಕೂರ್ಸಿ. ಮಲ್ಟಿಮೀಟರಲ್ಲಿ ಪಾಸಿಟಿವ್ ನೆಗೆಟಿವ್ ನಡುವೆ ಶಾರ್ಟ್ ಇಲ್ಲ ಅಂತ ನೋಡ್ಕೊಂಡು ಮೊದ್ಲು ರಿಮೋಟು ಆನ್ ಮಾಡಿ, ಆಮೇಲೆ ರೋಬೋ. ಆಫ್ ಮಾಡೋವಾಗ ಉಲ್ಟಾ, ಮೊದ್ಲು ರೋಬೋ. ಚಕ್ರ ತಿರುಗ್ತಾ ಇರೋವಾಗ್ಲೇ ರಿಮೋಟು ಆಫ್ ಮಾಡಿ ನೋಡಿ, ತಕ್ಷಣ ನಿಲ್ಬೇಕು. ಇದಕ್ಕೇ ಫೇಲ್‌ಸೇಫ್ ಅನ್ನೋದು, ಇದು ಇಲ್ಲದ ರೋಬೋನ ಯಾವ ಒಳ್ಳೇ ಪಂದ್ಯದಲ್ಲೂ ಒಳಗೆ ಬಿಡಲ್ಲ. ನಿಲ್ಲಲಿಲ್ಲ ಅಂದ್ರೆ ರಿಸೀವರಿನ ಸೆಟ್ಟಿಂಗ್ ಸರಿ ಮಾಡೋ ತನಕ ಮುಂದಿನ ಕೆಲ್ಸಕ್ಕೆ ಹೋಗ್ಬೇಡಿ.

ಇಷ್ಟಾದ್ಮೇಲೆ ಓಡ್ಸಿ. ನಾಲ್ಕೈದು ಬ್ಯಾಟರಿ ಖಾಲಿ ಆಗೋಷ್ಟು ಓಡ್ಸಿ, ಎರಡು ಡಬ್ಬಿ ನಡುವೆ ಎಂಟರ ಆಕಾರದಲ್ಲಿ, ಹಿಂದಕ್ಕೆ, ಮುಖ ನಿಮ್ಮ ಕಡೆಗಿದ್ದಾಗ, ತಲೆಕೆಳಗಾಗಿ. ಆಮೇಲೆ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸಿ. ಹೌದು, ಕಟ್ಟಿದ ಕೈಯಿಂದ್ಲೇ ಬೀಳಿಸೋಕೆ ಮನಸ್ಸು ಬರಲ್ಲ, ಆದ್ರೂ ಬೀಳಿಸಿ. ಎತ್ಕೊಂಡು ಓಡ್ಸಿ, ನಿಂತ್ರೆ ಯಾಕೆ ನಿಂತಿತು ಹುಡುಕಿ, ಮತ್ತೆ ಬೀಳಿಸಿ.

ಇದೆಲ್ಲ ದಾಟಿದ್ಮೇಲೆ ಆಯುಧ. ಗಾಡಿ ಚಕ್ರದ ಥರ ನಿಂತು ತಿರುಗೋ ಡಿಸ್ಕು, ಫ್ಯಾನಿನ ಥರ ಅಡ್ಡ ತಿರುಗೋ ಪಟ್ಟಿ, ಡ್ರಮ್ಮು, ಸುತ್ತಿಗೆ, ಎದುರಾಳೀನ ಎತ್ತಿ ಮಗುಚೋ ಫ್ಲಿಪ್ಪರು ಹೀಗೆ ತುಂಬಾ ಇವೆ. ಎರಡನೇ ರೋಬೋಗೆ ನಾನು ಡ್ರಮ್ಮು ಅಥವಾ ನಿಂತು ತಿರುಗೋದನ್ನ ಹೇಳ್ತೀನಿ, ಏಟು ಕೊಟ್ಟಾಗ ಅದು ಎದುರಾಳೀನ ಮೇಲಕ್ಕೆ ಎಸೆದು ನಿಮ್ಮನ್ನ ನೆಲಕ್ಕೇ ಒತ್ತತ್ತೆ. ಆದ್ರೆ ಬುಗುರಿ ಥರ ತಿರುಗ್ತಾ ಇರೋದ್ರಿಂದ ಜೋರಾಗಿ ಪಕ್ಕಕ್ಕೆ ತಿರುಗಿಸಿದ್ರೆ ಒಂದು ಚಕ್ರ ನೆಲ ಬಿಟ್ಟು ಎದ್ದೇಳತ್ತೆ, ಅದಕ್ಕೆ ಚಕ್ರಗಳ ನಡುವೆ ಅಗಲ ಜಾಸ್ತಿ ಇರ್ಲಿ.

ಎಷ್ಟು ಅಪಾಯ ಅಂತ ಒಂದು ಲೆಕ್ಕ ತೋರಿಸ್ತೀನಿ. 150 ಎಂಎಂ ಉದ್ದ, 200 ಗ್ರಾಂ ತೂಕದ ಸ್ಟೀಲ್ ಪಟ್ಟಿ. 1100 ಕೆವಿ, ಅಂದ್ರೆ ಒಂದು ವೋಲ್ಟಿಗೆ ನಿಮಿಷಕ್ಕೆ 1100 ಸುತ್ತಿನ ಬ್ರಷ್‌ಲೆಸ್ ಮೋಟರು 11.1 ವೋಲ್ಟಿಗೆ ಭಾರ ಇಲ್ಲದೇ ನಿಮಿಷಕ್ಕೆ 12,200 ಸುತ್ತು, ಬೆಲ್ಟಲ್ಲಿ ಒಂದೂವರೆ ಪಟ್ಟು ಇಳಿಸಿದ್ರೆ ಪಟ್ಟಿ 8000 ಸುತ್ತಿನ ಹತ್ರ ತಿರುಗತ್ತೆ. ತುದಿಯ ವೇಗ ಗಂಟೆಗೆ 226 ಕಿಲೋಮೀಟರ್, ಅದರಲ್ಲಿ ತುಂಬಿರೋ ಶಕ್ತಿ ಸುಮಾರು 130 ಜೂಲ್, ಒಂದು ಕೆಜಿ ಕಬ್ಬಿಣದ ಗುಂಡು 13 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಇದನ್ನ ನೀವು ಮನೆ ಬೆಂಚಿನ ಮೇಲೆ ಇಟ್ಕೊಂಡಿದೀರ, ನೆನಪಿರ್ಲಿ. ಪಟ್ಟಿ ಮುರಿದ್ರೆ ತುಂಡು ಯಾವ ದಿಕ್ಕಿಗೆ ಹಾರತ್ತೆ ಯಾರಿಗೂ ಗೊತ್ತಿರಲ್ಲ.

ಇನ್ನು ಸ್ಪೀಡು ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋದೂ ತಪ್ಪು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನುಗ್ತೀರ ಅಂದ್ಕೊಳ್ಳಿ, ಎರಡು ಹಲ್ಲಿನ ಆಯುಧ 8000 ಸುತ್ತಿಗೆ ತಿರುಗ್ತಿದ್ರೆ ಒಂದು ಹಲ್ಲು ಹೋಗಿ ಇನ್ನೊಂದು ಬರೋವಷ್ಟರಲ್ಲಿ ನೀವು ಮುಂದೆ ಹೋಗಿರೋದು 7.5 ಎಂಎಂ ಮಾತ್ರ, ಅಷ್ಟೇ ಕಚ್ಚೋದು. ಒಂದೇ ಹಲ್ಲು ಇಟ್ಟು ಇನ್ನೊಂದು ಕಡೆ ತೂಕ ಸರಿದೂಗಿಸಿದ್ರೆ 15 ಎಂಎಂ. ಸ್ಪೀಡು ಸಿಕ್ಕಾಪಟ್ಟೆ ಏರ್ಸಿದ್ರೆ ಹಲ್ಲು ಕಚ್ಚದೇ ಬರೀ ಉಜ್ಜಿ ಕಿಡಿ ಹಾರಿಸತ್ತೆ, ನೋಡೋಕೆ ಚೆಂದ, ಆದ್ರೆ ಏಟು ಬಿದ್ದಿರಲ್ಲ.

ಪಟ್ಟಿಗೆ ಸಾದಾ ಕಬ್ಬಿಣ ಬೇಡ, ಬಾಗತ್ತೆ. ಎಆರ್ 500, ಇಲ್ಲಾ ಹದ ಹಾಕಿದ ಎಸ್ 7 ಟೂಲ್ ಸ್ಟೀಲು. ಸಮತೋಲನ ನೋಡೋಕೆ ಅದರೊಳಗೆ ಶಾಫ್ಟು ತೂರಿಸಿ ಎರಡು ಮಟ್ಟಸವಾದ ಅಂಚಿನ ಮೇಲೆ ಇಡಿ, ಭಾರ ಇರೋ ಕಡೆ ತಾನಾಗೇ ಕೆಳಗೆ ಬರತ್ತೆ, ಅಲ್ಲಿ ಸ್ವಲ್ಪ ಗ್ರೈಂಡ್ ಮಾಡಿ, ಯಾವ ಕೋನದಲ್ಲಿ ಬಿಟ್ರೂ ಅಲ್ಲೇ ನಿಲ್ಲೋ ತನಕ. ಡ್ರಿಲ್ ಮಷೀನ್ ಹತ್ರ ಕೈಗವಸು ಹಾಕ್ಬೇಡಿ, ಸುತ್ಕೊಂಡು ಎಳೆದ್ಬಿಡತ್ತೆ. ಕಣ್ಣು ಕಾಯೋ ಸೇಫ್ಟಿ ಕನ್ನಡಕ ಮಾತ್ರ ಯಾವಾಗ್ಲೂ ಇರ್ಲಿ.

ಆಯುಧ ಇರೋ ರೋಬೋಗೆ ಲಾಕ್ ಪಿನ್ ಕಡ್ಡಾಯ, ಬಾಡಿ ಮತ್ತೆ ಆಯುಧ ಎರಡನ್ನೂ ದಾಟಿ ಹೋಗೋ ಗಟ್ಟಿ ಪಿನ್ನು, ಕೆಂಪು ರಿಬ್ಬನ್ ಕಟ್ಟಿರ್ಲಿ. ಬೆಂಚಿನ ಮೇಲಿದ್ದಾಗ ಅದು ಯಾವಾಗ್ಲೂ ಹಾಕೇ ಇರ್ಬೇಕು. ಪಾಲಿಕಾರ್ಬೊನೇಟಿನ ಪೂರ್ತಿ ಮುಚ್ಚಿದ ಟೆಸ್ಟ್ ಬಾಕ್ಸ್ ಇಲ್ದೇ ಮನೇಲಿ ಆಯುಧ ತಿರುಗಿಸ್ಬೇಡಿ. ಅರ್ಧ ಸ್ಪೀಡಲ್ಲೂ ಬೇಡ, ಒಂದೇ ಒಂದ್ಸಲ ನೋಡ್ತೀನಿ ಅಂತನೂ ಬೇಡ. ಪಂದ್ಯ ನಡೆಸೋ ಕಡೆ ಸಾಮಾನ್ಯವಾಗಿ ಟೆಸ್ಟ್ ಬಾಕ್ಸ್ ಇಟ್ಟಿರ್ತಾರೆ, ಅಲ್ಲಿ ಕಾಲು ಸ್ಪೀಡಿಂದ ಶುರು ಮಾಡಿ, ಪ್ರತಿ ಸಲ ನಿಲ್ಲಿಸಿ, ಪಿನ್ ಹಾಕಿ, ಬೋಲ್ಟು ಬೆಲ್ಟು ನೋಡಿ, ಆಮೇಲೆ ಏರ್ಸಿ.

ಪಂದ್ಯದ ದಿನ ಚಕ್ರ, ಒಂದು ಮೋಟರು, ಒಂದು ಇಎಸ್‌ಸಿ, ಎರಡು ಬ್ಯಾಟರಿ, ಬೋಲ್ಟಿನ ಡಬ್ಬಿ ಜಾಸ್ತಿ ತಗೊಂಡ್ ಹೋಗಿ. ಮ್ಯಾಚ್ ಮುಗಿದು ಬಾಗಿಲು ತೆಗೆದ ತಕ್ಷಣ ಗೆದ್ದ ಖುಷೀಲಿ ರೋಬೋನ ಎತ್ಕೋಬೇಡಿ. ಆಯುಧ ಪೂರ್ತಿ ನಿಂತಿದ್ಯಾ ನೋಡಿ, ಪಿನ್ ಹಾಕಿ, ಸ್ವಿಚ್ ಆಫ್ ಮಾಡಿ, ಆಮೇಲೆ ಕೈ ಹಾಕಿ. ಬೆಂಚಿಗೆ ತಂದ್ಮೇಲೆ ಮೊದ್ಲು ಬ್ಯಾಟರಿ ಹೊರಗೆ, ಬೆರಳಲ್ಲಿ ಸವರಿ ಊದಿದ್ಯಾ, ಬಿಸಿ ಇದ್ಯಾ, ಎಲ್ಲಾದ್ರೂ ಗೀರು ಬಿದ್ದಿದ್ಯಾ ನೋಡಿ. ಚೆನ್ನಾಗಿದ್ರೆ ತಣ್ಣಗಾಗೋಕೆ ಬಿಟ್ಟು ಆಮೇಲೆ ಚಾರ್ಜಿಗೆ. ಅಷ್ಟೊತ್ತಿಗೆ ನೀವು ಅಲೆನ್ ಕೀ ತಗೊಂಡು ಒಂದು ಮೂಲೆಯಿಂದ ಶುರು ಮಾಡಿ ಎಲ್ಲ ಬೋಲ್ಟನ್ನೂ ಒಂದೊಂದಾಗಿ ಬಿಗಿ ಮಾಡ್ತಾ ಬನ್ನಿ, ಸಡಿಲ ಆಗಿದ್ದು ಯಾವ್ದು ಅಂತ ಬರ್ಕೊಳ್ಳಿ, ಮುಂದಿನ ರೋಬೋದಲ್ಲಿ ಅಲ್ಲಿ ಒಂದರ ಬದ್ಲು ಎರಡು ಬೋಲ್ಟು ಹಾಕಿ.